ನಾಟಕದ ಅಕ್ಷರದಲ್ಲಿ ಕಾಲರಾ ನೋಟೀಸು

ಕಾಲರಾ ನೋಟೀಸಿಗೆ ನಾಟಕದ ಅಕ್ಷರ ಹಾಕಿದವನು ನಾನೇ. ಪ್ರೆಸ್ಸಿನ ಯಜಮಾನರು ಹೇಳಿದ್ದಲ್ಲ, ಹೆಲ್ತ್ ಇನ್‌ಸ್ಪೆಕ್ಟರು ಕೇಳಿದ್ದಲ್ಲ. ಆಗ ಮಂಡ್ಯದಲ್ಲಿ ನನ್ನಂಥ ಬುದ್ಧಿವಂತ ಕಂಪಾಸಿಟರ್ ಇನ್ನೊಬ್ಬನಿಲ್ಲ ಎಂದು ನಂಬಿಕೊಂಡಿದ್ದೆ. ಊರಲ್ಲಿ ಆ ಕೆಲಸ ಬಲ್ಲವರೇ ಬೆರಳೆಣಿಕೆಯಷ್ಟು ಜನ, ಅವರಲ್ಲೊಬ್ಬರಿಗೆ ಕಣ್ಣು ಮಂಜು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಬುದ್ಧಿವಂತಿಕೆಯ ಫಲವಾಗಿ ಕೊತ್ತತ್ತಿಯಲ್ಲಿದ್ದ ನನ್ನ ಅಕ್ಕನ ಮಗು ಸಾವಿನ ಬಾಯಿಗೆ ಬೀಳುವುದರಲ್ಲಿತ್ತು. ಅದಕ್ಕೆ ಇನ್ನೂ ನಡೆಯಲು ಕೂಡ ಬರುತ್ತಿರಲಿಲ್ಲ.

ಯುದ್ಧದ ಕಾಲ. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಕಾಗದ ಸಿಗುತ್ತಿರಲಿಲ್ಲ, ಹೊಸ ಅಕ್ಷರ ಎರಕ ಹೊಯ್ಯಿಸಲು ಸೀಸವೂ ಸಿಗುತ್ತಿರಲಿಲ್ಲ. ಅಚ್ಚಿನ ಮನೆಯಲ್ಲಿ ಸೀಸದ ಒಂದೊಂದು ಅಕ್ಷರವನ್ನೂ ನಾವು ಮೊಳೆ ಎನ್ನುತ್ತೇವೆ. ಮರದ ಖಾನೆಗಳಿಂದ ಮೊಳೆ ಹೆಕ್ಕಿ ಸಾಲು ಕಟ್ಟುವುದು ನನ್ನ ಕೆಲಸ. ನಮ್ಮ ಪ್ರೆಸ್ಸಿನಲ್ಲಿದ್ದದ್ದು ಎರಡೇ ಜಾತಿಯ ಮೊಳೆ. ಒಂದು ಸಣ್ಣದು. ಸವೆದು ಸಣಕಲಾಗಿ, ಕೊಂಬು ಮುರಿದು, ಒತ್ತಿದರೆ ಕಾಗದದ ಮೇಲೆ ಇರುವೆ ಸತ್ತು ಬಿದ್ದ ಹಾಗೆ ಕಾಣುತ್ತಿತ್ತು. ಕೋರ್ಟಿನ ಹರಾಜು, ಜಪ್ತಿ, ಕಂದಾಯದ ತಾಕೀತು ಎಲ್ಲಕ್ಕೂ ಅದೇ. ಇನ್ನೊಂದು ದಪ್ಪದ್ದು. ಯುದ್ಧಕ್ಕೆ ಮುಂಚೆ ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಪ್ರೆಸ್ಸಿನಿಂದ ಯಜಮಾನರು ಅದನ್ನು ತಂದಿದ್ದರು.

ದಪ್ಪ ಎಂದರೆ ಬರೀ ದಪ್ಪವಲ್ಲ. ಅಮಲ್ದಾರರ ಕಚೇರಿಯ ಬೋರ್ಡೂ ದಪ್ಪವೇ. ನೋಡಿದವನ ಕಾಲು ತಾನೇ ಹಿಂದಕ್ಕೆ ಸರಿಯುತ್ತದೆ. ನಮ್ಮ ಮೊಳೆಗೆ ಹೊಟ್ಟೆ ತುಂಬಿತ್ತು, ಸೊಂಟ ಸಣ್ಣಗಿತ್ತು. ಗೆರೆ ಕೆಳಗಿಳಿಯುವಾಗ ತೆಳ್ಳಗಾಗಿ, ತಿರುವಿನಲ್ಲಿ ಮತ್ತೆ ಉಬ್ಬಿಕೊಳ್ಳುತ್ತಿತ್ತು. ತಲೆಕಟ್ಟಿನ ತುದಿ ಮೊಂಡಾಗಿ ನಿಲ್ಲದೆ ಕೊಂಚ ಮೇಲಕ್ಕೆ ಚಿಮ್ಮಿ, ಈಗಷ್ಟೇ ತಿರುವಿದ ಮೀಸೆಯ ಹಾಗಿರುತ್ತಿತ್ತು. ಗೆರೆ ಮುಗಿಯುವ ಕಡೆಯಲ್ಲೆಲ್ಲ ಒಂದು ಪುಟ್ಟ ಪಾದ. ಅಕ್ಷರ ಅದರ ಮೇಲೆ ಊರಿ ನಿಲ್ಲುತ್ತಿತ್ತು. ‘ಠ’ ಎಂದರೆ ಕುಂಕುಮ ಇಟ್ಟ ದುಂಡು ಮುಖ. ‘ಬ’ ಎಂದರೆ ಊಟ ಮುಗಿಸಿ ಜಗಲಿಯ ಮೇಲೆ ಕೂತವರ ಹೊಟ್ಟೆ. ಮಸಿ ಹಚ್ಚಿದರೆ ಕುಡಿದುಬಿಡುತ್ತಿತ್ತು. ಅಚ್ಚಾದ ಹಾಳೆಯನ್ನು ತಿರುವಿ ಹಿಂಬದಿಗೆ ಬೆರಳಾಡಿಸಿದರೆ ಅಕ್ಷರದ ಉಬ್ಬು ಸಿಗುತ್ತಿತ್ತು. ಸಣ್ಣ ಮೊಳೆ ಮುಟ್ಟಿದರೆ ತಣ್ಣಗೆ, ಇದು ಬೆಚ್ಚಗೆ ಎಂದು ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ. ಎರಡೂ ಒಂದೇ ಸೀಸ ಎಂದು ಯಜಮಾನರು ನಗುತ್ತಿದ್ದರು.

ಪ್ರೂಫನ್ನು ಮೆಲ್ಲಗೆ ಓದುವುದು ನನ್ನಿಂದ ಆಗದ ಕೆಲಸ. ಸಣ್ಣ ಮೊಳೆಯದನ್ನು ಕೋರ್ಟಿನ ಜವಾನನ ದನಿಯಲ್ಲಿ, ಮೂಗಿನಿಂದ, ಸಾಲಿನ ಕೊನೆಯಲ್ಲಿ ಒಮ್ಮೆ ಗದರಿಸಿ ಓದುತ್ತಿದ್ದೆ. ದಪ್ಪ ಮೊಳೆಯದನ್ನು ನಾಟಕ ಕಂಪನಿಯ ಮ್ಯಾನೇಜರರ ದನಿಯಲ್ಲಿ, ಎದೆ ಉಬ್ಬಿಸಿ, ಕೈ ಚಾಚಿ. ಯಜಮಾನರು ನಶ್ಯ ಏರಿಸುತ್ತ, “ಅಲ್ಲವೋ, ನೀನು ಪ್ರೂಫ್ ಓದ್ತಿದೀಯೋ, ವೇಷ ಕಟ್ತಿದೀಯೋ?” ಅನ್ನುವರು. ನಾನು ತಕ್ಷಣ ಅವರದೇ ದನಿಯಲ್ಲಿ, ಅವರದೇ ಸೀನಿನ ಸಮೇತ, “ಅಲ್ಲವೋ” ಅನ್ನುವೆ. ಅವರು ಬೈಯುತ್ತ ನಗುವರು. ಕೊನೆಗೆ ನನ್ನ ಸರದಿ. ಹುಡುಗಿಯ ಕಡೆಯವರು ನೋಡಲು ಬಂದಾಗ ನಾನು ಮಾತು ತಡವರಿಸಿ ಕಾಫಿ ಚೆಲ್ಲಿಕೊಂಡದ್ದನ್ನು ನಾನೇ ಆಡಿ ತೋರಿಸುತ್ತಿದ್ದೆ.

ಆ ದಪ್ಪ ಮೊಳೆಗೆ ಕೆಲಸ ತುಂಬ ಇತ್ತು. ಹೊಸ ಹೋಟೆಲು, ದೀಪಾವಳಿಯ ಬಟ್ಟೆ ಅಂಗಡಿ, ಮದುವೆ, ಎಲ್ಲದಕ್ಕೂ ಅದೇ ಬೇಕು. ಆದರೆ ಅದರ ನಿಜವಾದ ಒಡೆಯ ನಾಟಕ ಕಂಪನಿ. ಆ ವರ್ಷ ಕಂಪನಿ ಮಳವಳ್ಳಿಯಲ್ಲಿ ಬೀಡು ಬಿಟ್ಟಿತ್ತು, ಆಮೇಲೆ ಮದ್ದೂರಿಗೆ ಬಂತು. ವಾರವಾರವೂ ಗುಲಾಬಿ ಕಾಗದದ ಮೇಲೆ ಹೂಬಳ್ಳಿಯ ಅಂಚು ಕಟ್ಟಿ, ಮೇಲೆ “ಬನ್ನಿರಿ! ತಪ್ಪದೆ ಬನ್ನಿರಿ!” ಎಂದು, ಕೆಳಗೆ “ಸ್ತ್ರೀಯರಿಗೆ ಪ್ರತ್ಯೇಕ ಸ್ಥಳ” ಎಂದು ಜೋಡಿಸಿ ಕೊಡುತ್ತಿದ್ದೆವು. ತಮಟೆ ಹೊಡೆಯುತ್ತ ಗಾಡಿ ಆತಗೂರು, ಹೊಳಲು, ಕೊತ್ತತ್ತಿ ಎಲ್ಲ ಕಡೆ ಅದನ್ನು ಹಂಚಿಕೊಂಡು ಬರುತ್ತಿತ್ತು.

ಅಕ್ಕನ ಮನೆಯ ಒಳಬಾಗಿಲ ಮೇಲೆ ಅಂಥದೊಂದು ಹಾಳೆ ಅಂಟಿತ್ತು. ಅವಳಿಗೆ ಒಂದಕ್ಷರವೂ ಬರುವುದಿಲ್ಲ. ಒಮ್ಮೆ ನಾನು ರೇಗಿಸಿದೆ:

“ಅದ್ರಲ್ಲಿ ಏನ್ ಬರ್ದೈತೆ ಯೋಳಕ್ಕ, ನೋಡಾನ.”

“ಓದಾಕ್ ಬರ್ದಿದ್ರೆ ನೋಡಾಕೂ ಬರಾಕಿಲ್ವೇನ್ಲಾ? ಇಂಗೆ ದುಂಡ್‌ದುಂಡ್ಗೆ ನಗ್ತಾ ಇರೋದು ನಾಟ್ಕದ್ದು. ಇನ್ನೊಂದು ಸಣ್ದು ಬತ್ತದಲ್ಲ, ಕಡ್ಡಿ ಕಡ್ಡಿ, ಅದು ಜಪ್ತಿದು.”

ಆ ಮಾತನ್ನು ಪ್ರೆಸ್ಸಿಗೆ ಹೊತ್ತು ತಂದು ಅವಳ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ದನಿ ಚೆನ್ನಾಗಿ ಬಂದಿತ್ತು. ಮಾತು ತಲೆಗೆ ಹೋಗಿರಲಿಲ್ಲ.

ಬೇಸಗೆಯಲ್ಲಿ ನಾಲೆಯ ನೀರು ನಿಂತಿತು. ಅಲ್ಲಲ್ಲಿ ಗುಂಡಿಯಲ್ಲಿ ಉಳಿದ ನೀರನ್ನೇ ಜನ, ದನ ಎಲ್ಲ ಬಳಸುತ್ತಿದ್ದರು. ಕೆಳಗಿನ ಊರುಗಳಲ್ಲಿ ವಾಂತಿಭೇದಿ ಶುರುವಾಗಿದೆ ಎಂಬ ಸುದ್ದಿ ಕಬ್ಬಿನ ಗಾಡಿಯವರ ಬಾಯಲ್ಲಿ ಬಂತು. ಅದರ ಬೆನ್ನಿಗೇ ಹೆಲ್ತ್ ಇನ್‌ಸ್ಪೆಕ್ಟರು ಬಂದರು. ಮೈಸೂರಿನ ಕಡೆಯ ತೆಳ್ಳನೆಯ ಮನುಷ್ಯ. ಪ್ರತಿ ಮಾತಿನ ಕೊನೆಗೆ “ಗಮನಿಸಿ” ಅನ್ನುವ ಚಟ.

“ಮಂಗಳವಾರ ಸಂಜೆ ಕೊತ್ತತ್ತಿಯ ಚಾವಡಿಯ ಮುಂದೆ ಸೂಜಿ ಹಾಕುತ್ತೇವೆ, ಗಮನಿಸಿ. ಹೊಲದಿಂದ ಬಂದ ಮೇಲೆ ಒಬ್ಬೊಬ್ಬರಾಗಿ ಬರಬೇಕು. ನೀರು ಕಾಯಿಸಿ ಕುಡಿಯಬೇಕು. ಗುಂಪು ಕೂಡಬಾರದು. ಇವತ್ತೇ ಅಚ್ಚಾಗಬೇಕು, ಗಮನಿಸಿ.”

ಯಜಮಾನರು ರೈಲು ಸ್ಟೇಷನ್ನಿಗೆ ಕಾಗದದ ಮೂಟೆ ಬಂತೋ ಇಲ್ಲವೋ ನೋಡಲು ಹೋಗಿದ್ದರು. ಬಿಳಿ ಕಾಗದ ಇರಲಿಲ್ಲ, ಗುಲಾಬಿಯದು ಮಿಕ್ಕಿತ್ತು. ನಾಟಕದ ಹಾಳೆಗೆ ಕಟ್ಟಿದ ಮೊಳೆ ಇನ್ನೂ ಬಿಚ್ಚದೆ ಹಾಗೇ ಕೂತಿತ್ತು, ಹೂಬಳ್ಳಿಯ ಅಂಚಿನ ಸಮೇತ. ಸಣ್ಣ ಮೊಳೆಯಲ್ಲಿ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ ಎಂದು ನನ್ನ ಬುದ್ಧಿ ಓಡಿತು. “ಬನ್ನಿರಿ! ತಪ್ಪದೆ ಬನ್ನಿರಿ!” ಹಾಗೇ ಬಿಟ್ಟೆ. ಅದರ ಕೆಳಗೆ ದಿನ, ಹೊತ್ತು, ಜಾಗ ಎಲ್ಲ ದಪ್ಪದಾಗಿ ಜೋಡಿಸಿದೆ. ಸೂಜಿ, ಕಾಲರಾ, ಕಾಯಿಸಿದ ನೀರಿನ ವಿಷಯಕ್ಕೆ ದಪ್ಪ ಮೊಳೆ ಸಾಲದೆ ಬಂತು. ಅದನ್ನೆಲ್ಲ ಕೆಳಗೆ ಸಣ್ಣದರಲ್ಲಿ ತುಂಬಿದೆ.

ಇನ್‌ಸ್ಪೆಕ್ಟರು ಹಾಳೆಯನ್ನು ಕೈಯಳತೆ ದೂರ ಹಿಡಿದು ನೋಡಿದರು. “ಚೆನ್ನಾಗಿದೆ. ದೂರದಿಂದಲೇ ಕಾಣುತ್ತೆ. ಸ್ತ್ರೀಯರಿಗೆ ಪ್ರತ್ಯೇಕ ಸ್ಥಳ ಅಂತಲೂ ಹಾಕಿದ್ದೀರಿ! ಇದು ನನಗೇ ಹೊಳೆದಿರಲಿಲ್ಲ, ಗಮನಿಸಿ.”

ಅವರು ಹೊರಟ ಮೇಲೆ ಇಡೀ ಪ್ರೆಸ್ಸಿಗೆ ಕೇಳುವ ಹಾಗೆ “ಗಮನಿಸಿ” ಎಂದು ಅಣಕಿಸಿದೆ. ನಾನು ಗಮನಿಸಬೇಕಾದದ್ದನ್ನು ಗಮನಿಸಲಿಲ್ಲ.

ಮಂಗಳವಾರ ನಾನೂ ಇನ್‌ಸ್ಪೆಕ್ಟರ ಜಟಕಾದಲ್ಲೇ ಕೊತ್ತತ್ತಿಗೆ ಹೋದೆ. ಅಕ್ಕನನ್ನು ನೋಡಿದ ಹಾಗೂ ಆಯಿತು, ನನ್ನ ಅಚ್ಚಿನ ಮಹಿಮೆ ನೋಡಿದ ಹಾಗೂ ಆಯಿತು ಎಂಬ ಆಸೆ. ಊರು ಹತ್ತಿರವಾಗುತ್ತಿದ್ದ ಹಾಗೆ ಹಾದಿಯ ಪಕ್ಕದಲ್ಲೆಲ್ಲ ಎತ್ತು ಬಿಚ್ಚಿ ನಿಲ್ಲಿಸಿದ ಗಾಡಿಗಳು. ಚಾವಡಿಯ ಮುಂದೆ ಚಾಪೆಯ ಮೇಲೆ ಚಾಪೆ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ನಡುವೆ ಒಂದು ಹಗ್ಗ. ಎಲ್ಲರೂ ಒಗೆದ ಬಟ್ಟೆ ಉಟ್ಟಿದ್ದರು. ಅಕ್ಕ ಮುಡಿಗೆ ಕನಕಾಂಬರ ಮುಡಿದು, ಮಗುವಿಗೆ ಕಾಡಿಗೆ ತೀಡಿ, ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದಳು. ಅವಳ ಪಕ್ಕದ ಮನೆಯ ಮುದುಕಿ ಹುರಿದ ಕಳ್ಳೇಕಾಯಿಯನ್ನು ಸುತ್ತಲಿನ ಮಕ್ಕಳಿಗೆಲ್ಲ ಹಂಚುತ್ತಿದ್ದಳು. ಊರಲ್ಲಿ ಓದು ಬಲ್ಲವರೆಂದರೆ ಮೇಷ್ಟ್ರು. ಅವರು ರಜಕ್ಕೆ ಊರಿಗೆ ಹೋಗಿದ್ದರು. ಶಾಲೆಯ ಹುಡುಗರು ದಪ್ಪ ಸಾಲನ್ನು ಕೂಗಿ ಓದಿದ್ದರು. ಅಷ್ಟು ಸಾಕಾಗಿತ್ತು.

ನಾಲೆಯ ಕೆಳಗಿನ ಊರಿನವರೂ ಬಂದು ಕೂತಿದ್ದರು, ಬೇನೆ ಇದ್ದ ಊರಿನವರು. ಎಲ್ಲರಿಗೂ ಕುಡಿಯಲು ಒಂದು ಹಂಡೆ ನೀರು, ಒಂದು ಚೊಂಬು. ಆ ಚೊಂಬು ಕೆಳಗಿನ ಊರಿನವರ ಕೈಯಿಂದ ಮುದುಕಿಯ ಕೈಗೆ, ಮುದುಕಿಯ ಕೈಯಿಂದ ಅಕ್ಕನ ಕೈಗೆ ಬಂತು. ಅಕ್ಕ ಒಂದು ಗುಟುಕು ಕುಡಿದು, ಮಗುವಿನ ತುಟಿಗೂ ತಗುಲಿಸಿ, ಮುಂದಕ್ಕೆ ಕೊಟ್ಟಳು. ಜಟಕಾದಿಂದ ಇಳಿಯುತ್ತಲೇ ನಾನು ಅದನ್ನು ಕಂಡೆ.

“ಇವರನ್ನೆಲ್ಲ ಹೀಗೆ ಯಾರು ಕೂರಿಸಿದರು?” ಎಂದರು ಇನ್‌ಸ್ಪೆಕ್ಟರು. ಈ ಸಲ “ಗಮನಿಸಿ” ಬರಲಿಲ್ಲ.

ಅಕ್ಕ ನನ್ನನ್ನು ಕಂಡವಳೇ ಮುಖವರಳಿಸಿ ಕೂಗಿದಳು: “ಬಂದ್ಯಾ? ಒತ್ತಾಯ್ತಲ್ಲೋ! ಪರ್ದೆ ಎಲ್ಲಿ ಕಟ್ತಾರ್ಲಾ?”

ನಾನು ಬಾಯಿ ತೆರೆಯುವ ಮುಂಚೆ ಇನ್‌ಸ್ಪೆಕ್ಟರು ಪೆಟ್ಟಿಗೆ ತೆಗೆದು ಸ್ಪಿರಿಟ್ ದೀಪ ಹಚ್ಚಿ ಸೂಜಿಯನ್ನು ಕುದಿಯಲು ಇಟ್ಟರು. ಅಕ್ಕನ ದೊಡ್ಡಮಾವ ಎದ್ದು ಬಂದರು. ಅವರು ಅವಳ ಮಾವನ ಅಣ್ಣ. ಊರಲ್ಲಿ ಅವರು ಕೂತರೆ ಎಲ್ಲರೂ ಕೂರುವರು, ಎದ್ದರೆ ಏಳುವರು. ಪೆಟ್ಟಿಗೆಯೊಳಗೆ ಬಗ್ಗಿ ನೋಡಿ ಗರ್ಜಿಸಿದರು:

“ನಾಟ್ಕ ಅಂತ ಕರ್ದು ಚುಚ್ಚಾಕ್ ಬಂದವ್ರೆ ಕಣ್ರೋ! ಏಳ್ರೋ ಮ್ಯಾಕೆ! ಎಂಗುಸ್ರು ಮಕ್ಳು ಸಮೇತ ಮೋಸ ಮಾಡವ್ರೆ!”

ಇನ್‌ಸ್ಪೆಕ್ಟರು ಕೈ ಮುಗಿದರು, ಕೂಗಿದರು, ಹಾಳೆಯ ಸಣ್ಣಕ್ಷರದ ಭಾಗವನ್ನು ಗಟ್ಟಿಯಾಗಿ ಓದಿದರು. ಯಾರೂ ನಿಲ್ಲಲಿಲ್ಲ. ಅಕ್ಕ ಚಾಪೆ ಸುತ್ತಿದಳು, ಮಗುವನ್ನು ಎತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು, ಅವಳು ನನ್ನ ಕಡೆ ನೋಡಲೇ ಇಲ್ಲ.

ವಾರ ಕಳೆಯುವುದರೊಳಗೆ ಪಕ್ಕದ ಮನೆಯ ಮುದುಕಿ ಹೋದಳು. ಬೆಳಿಗ್ಗೆ ಶುರುವಾದದ್ದು, ಸಂಜೆಗೆ ಮುಗಿಯಿತಂತೆ. ಸುದ್ದಿ ತಂದ ಗಾಡಿಯವನು ಪ್ರೆಸ್ಸಿನ ಬಾಗಿಲಲ್ಲಿ ನಿಂತು ಹೇಳುತ್ತಿದ್ದರೆ ನನ್ನ ಕೈಯಲ್ಲಿದ್ದ ಮೊಳೆಗಳು ನೆಲದ ಮೇಲೆ ಚೆಲ್ಲಿದವು. ಆ ಚೊಂಬೇ ಕಾರಣವೋ, ಅಲ್ಲವೋ, ಯಾರಿಗೆ ಗೊತ್ತು? ಗುಂಡಿಯ ನೀರೂ ಇತ್ತು. ಹಾಗಂತ ನನಗೆ ನಾನೇ ಎಷ್ಟು ಹೇಳಿಕೊಂಡರೂ ಕಣ್ಣ ಮುಂದೆ ಬರುತ್ತಿದ್ದದ್ದು ಮಗುವಿನ ತುಟಿಗೆ ತಗುಲಿದ ಆ ಹಿತ್ತಾಳೆಯ ಅಂಚು. ಆ ದಿನಗಳಲ್ಲಿ ನಾನು ಯಾರನ್ನೂ ಅಣಕಿಸಲಿಲ್ಲ. ಯಜಮಾನರೇ ಹೆದರಿ, “ಅಲ್ಲವೋ, ಏನಾದರೂ ಒದರೋ. ಪ್ರೆಸ್ಸು ಮಸಣದ ಹಾಗಿದೆ” ಅಂದರು.

ಅವರು ಎಲ್ಲಿಂದಲೋ ಬಿಳಿ ಕಾಗದ ಹೊಂದಿಸಿದರು. ನೋಟೀಸನ್ನು ಪೂರ್ತಿ ಸಣ್ಣ ಮೊಳೆಯಲ್ಲಿ ಮತ್ತೆ ಜೋಡಿಸಿದೆ. ಹೂಬಳ್ಳಿ ಇಲ್ಲ, ಬನ್ನಿರಿ ಇಲ್ಲ. ಎಷ್ಟು ಗಂಭೀರವಾಗಿತ್ತೆಂದರೆ ಅದನ್ನು ಚಾವಡಿಯ ಗೋಡೆಗೆ ಅಂಟಿಸಿದ್ದೇ ತಡ, ಊರು ಖಾಲಿಯಾಯಿತು. ಜಪ್ತಿಗೆ ಬಂದವ್ರೆ ಎಂದು ಒಬ್ಬರು ಹಸುವನ್ನು ಹೊಲಕ್ಕೆ ಅಟ್ಟಿದರು, ಇನ್ನೊಬ್ಬರು ಹಿತ್ತಾಳೆ ಪಾತ್ರೆಗಳನ್ನು ಹುಲ್ಲಿನ ಮೆದೆಯೊಳಗೆ ತುರುಕಿದರು. ದೊಡ್ಡಮಾವ ಎರಡು ಜೊತೆ ಎತ್ತು ಹೊಡೆದುಕೊಂಡು ನೆಂಟರ ಊರಿಗೇ ಹೋಗಿಬಿಟ್ಟರು. ಇನ್‌ಸ್ಪೆಕ್ಟರು ಬಂದು ಬೀದಿಯ ನಾಯಿಗಳಿಗೆ ನಮಸ್ಕಾರ ಹೇಳಿ ಹಿಂತಿರುಗಿದರು.

ಕರೆಯುವುದು, ಗದರಿಸುವುದು: ನಮ್ಮ ಪ್ರೆಸ್ಸಿಗೆ ಬರುತ್ತಿದ್ದದ್ದು ಇವೆರಡೇ ಎಂದು ನನಗೆ ಅವತ್ತು ತಿಳಿಯಿತು. ಹತ್ತಿರ ಕೂತು, ನೋಡವ್ವ, ಹೀಗಿದೆ ಕಣವ್ವ ಎಂದು ಹೇಳುವಂಥ ಮೊಳೆ ನಮ್ಮ ಯಾವ ಖಾನೆಯಲ್ಲೂ ಇರಲಿಲ್ಲ. ಆ ದುಂಡು ಅಕ್ಷರದ ಪ್ರೀತಿಯನ್ನು ಜನ ನಂಬಿದ್ದರು. ನಂಬಿದ್ದರಿಂದಲೇ ಮೈಮರೆತು ಬಂದು ಕೂತಿದ್ದರು. ಹೂವು ಮುಡಿದು ಬಂದವರ ಮುಂದೆ ಸೂಜಿ ಇಟ್ಟವನು ನಾನು. ಇನ್ನು ಬಾಯಲ್ಲೇ ಹೇಳಬೇಕು.

ಅಕ್ಕನ ಮನೆಗೆ ಹೋದೆ. ಬಾಗಿಲ ಮೇಲಿದ್ದ ಗುಲಾಬಿ ಹಾಳೆಯನ್ನು ಕಿತ್ತಿದ್ದಳು. ಅಂಟಿನ ಕಲೆ ಮಾತ್ರ ಉಳಿದಿತ್ತು. ಭಾವ ಗಾಡಿ ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಗೆ ಹೋಗಿದ್ದರು. ಮಗು ಹಟ್ಟಿಯ ಅಂಗಳದಲ್ಲಿ ಮಣ್ಣು ಬಗೆಯುತ್ತ ಕೂತಿತ್ತು. ಹುಷಾರಾಗಿಯೇ ಇತ್ತು.

ಏನು ಹೇಳಬೇಕೆಂದು ದಾರಿಯುದ್ದ ಕಟ್ಟಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಹೊರಟದ್ದು ಇನ್‌ಸ್ಪೆಕ್ಟರ ದನಿ: “ನೀರನ್ನು ಕಾಯಿಸಿ ಕುಡಿಯಬೇಕು. ಮಕ್ಕಳಿಗೆ ಸೂಜಿ ಹಾಕಿಸಬೇಕು, ಗಮನಿಸಿ…”

“ಅವರಿವ್ರ ದನಿ ಯಾಕ್ಲಾ?” ಎಂದಳು ಅಕ್ಕ. “ಅವರ್ ಮಾತು ಅವರೇ ಆಡ್ಲಿ. ನೀ ಏನ್ ಯೋಳಾಕ್ ಬಂದೆ, ಅದ ಯೋಳು.”

“ಮೊಗೀಗೆ ಸೂಜಿ ಆಕ್ಸಕ್ಕ,” ಎಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ತೆಳ್ಳಗೆ ಬಂತು. “ಪಕ್ಕದ್ಮನೆ ಅಜ್ಜಿ ತೀರ್ಕಂಡ್ಲು. ನೀವೆಲ್ಲ ಒಂದೇ ಚೊಂಬ್ನಾಗೆ ಕುಡುದ್ರಿ. ನಾನೇ ಕಂಡೆ. ನಂಗೆ ಭಯ ಆಯ್ತದೆ.”

ಅವಳು ಮಗುವನ್ನು ಎತ್ತಿಕೊಂಡು ಕೈಯ ಮಣ್ಣು ಒರೆಸಿದಳು.

“ಸೂಜಿ ಆಕುದ್ರೆ ಮೊಗೀಗೆ ಜ್ವರ ಬತ್ತದಂತೆ. ಸತ್ತೇ ಓಯ್ತವಂತೆ ಅಂತವ್ರೆ.”

“ಜ್ವರ ಬತ್ತದೆ. ಒಂದಿನ. ಸಾಯಾಕಿಲ್ಲ.”

“ನಿಂಗ್ ಬಂತಾ?”

ನಾನು ಮಗುವಿನ ಕಡೆ ತಿರುಗಿದೆ.

“ನೀ ಆಕುಸ್ಕಂಡಿದೀಯೇನ್ಲಾ?”

ಇಲ್ಲ. ಇನ್‌ಸ್ಪೆಕ್ಟರು ಕೊತ್ತತ್ತಿಗೆ ಹೊರಡುವ ಮುಂಚೆ ಪ್ರೆಸ್ಸಿನವರಿಗೆಲ್ಲ ಸೂಜಿ ಹಾಕಿದ ದಿನ ನಾನು ಕಾಗದ ತರುವ ನೆಪದಲ್ಲಿ ಹೊರಗೆ ಹೋಗಿದ್ದೆ. ಯಜಮಾನರು ಸೂಜಿಗೆ ಹೆದರಿ ಕಣ್ಣು ಮುಚ್ಚಿಕೊಂಡದ್ದನ್ನು ಮಾತ್ರ ಕಿಟಕಿಯಿಂದ ನೋಡಿ, ಆಮೇಲೆ ಆಡಿ ತೋರಿಸಿದ್ದೆ. ಊರಿಗೆಲ್ಲ ತಪ್ಪದೆ ಬನ್ನಿರಿ ಎಂದು ಸಾರಿದ ನಾನೇ ತಪ್ಪಿಸಿಕೊಂಡಿದ್ದೆ.

ಅಕ್ಕ ನನ್ನ ಅಂಗಿಯ ತೋಳನ್ನು ಹಿಡಿದು ಮೇಲಕ್ಕೆ ಸರಿಸಿದಳು. ಚುಚ್ಚಿದ ಗುರುತಿಲ್ಲ. “ಮದ್ಲು ನಿನ್ ತೋಳು ಕೊಡು,” ಅಂದಳು. “ಆಮ್ಯಾಕೆ ನನ್ ಮೊಗೀನ್ ತೋಳು ಕೇಳು.”

ನಾನು ಹೇಳಿ ಕಳಿಸಿದ್ದಕ್ಕೆ ಮಾರನೆಯ ದಿನ ಇನ್‌ಸ್ಪೆಕ್ಟರು ಬಂದರು. ಚಾವಡಿಯ ಹತ್ತಿರ ಯಾರೂ ಸುಳಿಯಲಿಲ್ಲ. ಅಷ್ಟು ದೂರದಲ್ಲಿ, ಹುಣಿಸೆ ಮರದ ಕೆಳಗೆ, ಊರವರು ಕೈ ಕಟ್ಟಿಕೊಂಡು ನಿಂತು ನೋಡುತ್ತಿದ್ದರು. ಎತ್ತುಗಳ ಸಮೇತ ವಾಪಸು ಬಂದಿದ್ದ ದೊಡ್ಡಮಾವ ಎಲ್ಲರ ಮುಂದೆ. ಅಕ್ಕ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ಬಂದು ಚಾವಡಿಯ ಮೆಟ್ಟಿಲ ಬಳಿ ನಿಂತಳು. ನಾನು ಅಂಗಿ ಬಿಚ್ಚಿದೆ.

ಸೂಜಿ ಗೋಣಿ ಹೊಲಿಯುವ ದಬ್ಬಳದ ಹಾಗಿತ್ತು. ಧೈರ್ಯದ ಮುಖ ಮಾಡಿಕೊಂಡು ನಿಲ್ಲಬೇಕೆಂದಿದ್ದೆ. ನನಗೆ ಎಂಥೆಂಥ ವೀರರ ಮುಖ ಗೊತ್ತಿಲ್ಲ! ಒಂದೂ ಬರಲಿಲ್ಲ. ಅದು ಒಳಗೆ ಹೋದಾಗ ನನ್ನ ಬಾಯಿಂದ ಎಣ್ಣೆ ಕಾಣದ ಗಾಡಿಯ ಗಾಲಿಯಂಥ ಸದ್ದು ಹೊರಟಿತು. ಅದರ ಹಿಂದೆ ಅಳು. ನೋವಿಗಷ್ಟೇ ಅಲ್ಲ. ಆ ಮುದುಕಿಯ ಕಳ್ಳೇಕಾಯಿ, ಆ ಚೊಂಬು, ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಟ್ಟಿಗೆ ನುಗ್ಗಿತು. ಮೂಗು ಸೋರಿತು. ಹಿಡಿಯಲಾಗಲಿಲ್ಲ.

ಹುಣಿಸೆ ಮರದ ಕೆಳಗೆ ಗೊಳ್ಳೆಂದು ನಗು. ಅವರಿಗೆಲ್ಲ ನಾನು ಗೊತ್ತು. ಹಬ್ಬಕ್ಕೆ ಬಂದಾಗಲೆಲ್ಲ ಊರವರನ್ನು ಅಣಕಿಸಿ ತೋರಿಸಿದವನು.

“ನೋಡ್ರೋ, ಮತ್ತೆ ನಾಟ್ಕ ಸುರುವಾಯ್ತು!” ಎಂದು ದೊಡ್ಡಮಾವ ಕೋಲು ಎತ್ತಿ ತೋರಿಸಿದರು. “ಅವತ್ತು ಕಾಗ್ದದಾಗೆ ನಾಟ್ಕ, ಇವತ್ತು ಮೈಮ್ಯಾಲೆ. ಈ ಉಡ್ಗುನ್ಗೆ ಯೋಳ್ಕೊಟ್ಟು ಕರ್ಕಂಡ್ ಬಂದವ್ರೆ, ಅತ್ತು ತೋರ್ಸಿ ನಮ್ಮುನ್ ನಂಬ್ಸಾಕೆ. ಯಾವ್ದೂ ನಿಜ ಅಲ್ಲ ಕಣ್ರೋ. ಏ ಸೊಸೆ, ನಡಿ ಮನೀಗೆ! ಮೊಗೀನ್ ಜೀವ ಇವರ ಆಟಕ್ಕೆ ಸಿಕ್ತಾ?”

ನಗು ನಿಂತಿತು. ಎಲ್ಲರ ಕಣ್ಣೂ ಅಕ್ಕನ ಮೇಲೆ. ಅವಳು ತಿರುಗಿ ಹೋದರೆ ಆ ಊರಲ್ಲಿ ಇನ್ನು ಯಾರೂ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಇನ್‌ಸ್ಪೆಕ್ಟರಿಗೂ ಗೊತ್ತಿತ್ತು. ನಾನು ಅಳು ನಿಲ್ಲಿಸಲು ನೋಡಿದಷ್ಟೂ ಅದು ಇನ್ನೂ ಅಸಹ್ಯವಾಗಿ ಬಿಕ್ಕಿ ಬಿಕ್ಕಿ ಬರುತ್ತಿತ್ತು. ಅಕ್ಕ ಹತ್ತಿರ ಬಂದು ನನ್ನ ಮುಖವನ್ನು, ಒಡೆದ ಮಡಕೆಯನ್ನು ತಿರುವಿ ನೋಡುವ ಹಾಗೆ, ಒಮ್ಮೆ ದಿಟ್ಟಿಸಿ ನೋಡಿದಳು. ದೊಡ್ಡಮಾವನಿಗೆ ಅವಳು ಅಲ್ಲಿಯವರೆಗೆ ಎದುರು ಮಾತಾಡಿದ್ದೇ ಇಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಮಗುವಿನ ತೋಳಿನ ಬಟ್ಟೆ ಸರಿಸುತ್ತ, ಮರದ ಕೆಳಗಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು:

“ಮಾವ, ಆಟಕ್ಕೆ ಅಳೋವಾಗ ಇವನು ಬೋ ಚೆಂದಾಗ್ ಅಳ್ತಾನೆ, ಚಿಕ್ಕೋನಿಂದ ಕಂಡಿವ್ನಿ. ಈಗ್ ನೋಡಿ, ಸಿಂಬ್ಳ ಸುರ್ಸ್ಕಂಡು ಎಷ್ಟು ಕೆಟ್ದಾಗ್ ಅಳ್ತಾವ್ನೆ. ಇದು ನಾಟ್ಕ ಅಲ್ಲ. ವಸಿ ಸರ್ಕಳಿ, ನನ್ ಮೊಗೀನ್ ಪಾಳಿ.”